ಇಂಗ್ಲಿಷ್ ಪೀರಿಯಡ್ಡಿಗೆ ಸೊಂಟದ ಮೈಕೇ ಸಾಕು

ಮೊದಲೇ ಹೇಳಿಬಿಡುತ್ತೇನೆ. ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವರು ಕೈಯಿಂದ ದುಡ್ಡು ಹಾಕಿ ಸೌಂಡಿನ ಸಾಮಾನು ಕೊಳ್ಳುವುದಾದರೆ, ಸೊಂಟಕ್ಕೆ ಕಟ್ಟುವ ಮೈಕು ತಗೊಳ್ಳಿ. ಬೇಲೂರು, ಹಳೇಬೀಡಿನಲ್ಲಿ ಕೆಲವು ಗೈಡುಗಳು ಪುಟ್ಟ ಪೆಟ್ಟಿಗೆಯೊಂದನ್ನು ಸೊಂಟಕ್ಕೆ ಸಿಕ್ಕಿಸಿ, ಕಿವಿಯ ಮೇಲಿಂದ ಮೈಕನ್ನು ಬಾಯಿ ಹತ್ತಿರ ತಂದುಕೊಂಡಿರುತ್ತಾರಲ್ಲ, ಅದೇ. ನನಗೆ ₹1,400ಕ್ಕೆ ಸಿಕ್ಕಿತು. ಅದಕ್ಕೂ ಮುಂಚೆ ಕೊಂಡಿದ್ದ ಬ್ಲೂಟೂತ್ ಸ್ಪೀಕರಿಗೆ ಅದರ ಎರಡರಷ್ಟು ಕೊಟ್ಟಿದ್ದೆ. ಶಾಲೆಯದ್ದೇ ಸ್ಮಾರ್ಟ್ ಟಿವಿ ಒಂದಿದೆ, ಅದಕ್ಕೆ ದುಡ್ಡಿಲ್ಲ. ಮೂರನ್ನೂ ಕ್ಲಾಸಿನಲ್ಲಿ ಬಳಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಹಾಸನ ಜಿಲ್ಲೆಯ ಕನ್ನಡ ಮಾಧ್ಯಮದ ಶಾಲೆ. ಎಂಟನೇ ಕ್ಲಾಸಿನ ಒಂದೊಂದು ಸೆಕ್ಷನ್ನಿನಲ್ಲೂ ಅರವತ್ತರ ಹತ್ತಿರ ಮಕ್ಕಳು. ಹಿಂದಿನ ಎರಡು ಕೋಣೆಗೆ ಶೀಟಿನ ಸೂರು. ರಾಜ್ಯದ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಬಂದಿದೆ. ಹಾಗಾಗಿ ನನ್ನ ಹತ್ತಿರ ಬರುವ ಹೊತ್ತಿಗೆ ಮಕ್ಕಳಿಗೆ ಅಕ್ಷರ, ಸ್ಪೆಲ್ಲಿಂಗು, ನಾಲ್ಕಾರು ಪದ್ಯ ಬಂದಿರುತ್ತವೆ. ಬಾರದಿರುವುದು, ತಮ್ಮ ಟೀಚರ್ ಬಿಟ್ಟು ಬೇರೆಯವರ ಬಾಯಿಂದ ಬಂದ ಇಂಗ್ಲಿಷ್ ಕೇಳಿ ಅರ್ಥ ಮಾಡಿಕೊಳ್ಳುವುದು. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಗೆ 100 ಅಂಕ. 80 ಲಿಖಿತ, 20 ಆಂತರಿಕ. ಆ 80ರಲ್ಲಿ ಕೇಳಿಸಿಕೊಂಡು ಉತ್ತರ ಬರೆಯುವ ಪ್ರಶ್ನೆ ಒಂದೂ ಇಲ್ಲ. "ಮತ್ಯಾಕೆ ಮೇಡಂ ಈ ಉಸಾಬರಿ, ಲೆಟರ್ ರೈಟಿಂಗ್ ಬಾಯಿಪಾಠ ಮಾಡಿಸಿ" ಅಂತ ಸ್ಟಾಫ್ ರೂಮಿನಲ್ಲಿ ಹೇಳುತ್ತಾರೆ. ಹತ್ತನೇ ಕ್ಲಾಸಿಗೆ ಸಂಕ್ರಾಂತಿ ಮುಗಿದ ಮೇಲೆ ಅದನ್ನೂ ಮಾಡಿಸುತ್ತೇನೆ. ಎಂಟು, ಒಂಬತ್ತರಲ್ಲಿ ಮಾತ್ರ ವಾರಕ್ಕೊಂದು ಪೀರಿಯಡ್ ಕೇಳಿಸುವುದಕ್ಕೇ ಮೀಸಲು.

ಬ್ಲೂಟೂತ್ ಸ್ಪೀಕರ್ ನೋಡಲು ಚೆಂದ, ಕೈಗೆ ಗಟ್ಟಿ, ನೀರು ಬಿದ್ದರೂ ಏನೂ ಆಗುವುದಿಲ್ಲ, ಚಾರ್ಜು ಇಡೀ ವಾರ ಬರುತ್ತದೆ. ಮನೆಯಲ್ಲಿ ಭಾವಗೀತೆ ಹಾಕಿ ನೋಡಿದಾಗ ಕೊಟ್ಟ ದುಡ್ಡಿಗೆ ಮೋಸವಿಲ್ಲ ಅನಿಸಿತ್ತು. ಕ್ಲಾಸಿಗೆ ತಂದ ಮೇಲೆ ಅದರ ಒಂದು ಗುಣ ಹೊರಗೆ ಬಿತ್ತು. ಪ್ರತಿ ಸಲ ಶಬ್ದ ಶುರುವಾಗುವಾಗ ಮೊದಲ ಚೂರನ್ನು ಅದು ನುಂಗುತ್ತದೆ.

ಹಾಡು ಕೇಳುವವರಿಗೆ ಇದು ಗೊತ್ತೇ ಆಗುವುದಿಲ್ಲ. ಹಾಡಿನ ಮೊದಲ ಅರ್ಧ ಸೆಕೆಂಡು ಹೋದರೆ ಯಾರಿಗೆ ನಷ್ಟ? ನಾನು ಹಾಕುತ್ತಿದ್ದದ್ದು ಬಿಡಿ ಬಿಡಿ ಪದಗಳನ್ನು. ಪ್ಯಾನ್, ಫ್ಯಾನ್, ವ್ಯಾನ್, ಮ್ಯಾನ್. ಒಂದು ಪದ, ಬರೆದುಕೊಳ್ಳಲು ಹತ್ತು ಸೆಕೆಂಡು ಬಿಡುವು, ಮತ್ತೊಂದು ಪದ. ಮೊದಲ ವ್ಯಂಜನ ಯಾವುದು ಅಂತ ಕಂಡುಹಿಡಿಯುವುದೇ ಅಭ್ಯಾಸ. ಸ್ಪೀಕರಿನಿಂದ ಬಂದದ್ದು ಆ್ಯನ್, ಆ್ಯನ್, ಆ್ಯನ್, ಆ್ಯನ್. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಎಲ್ಲಾದಕ್ಕೂ ಒಂದೇ ಆನ್ಸರ್ರಾ?" ಅಂದಳು. ನೋಟ್‌ಬುಕ್ ತಿದ್ದುವಾಗ ನೋಡಿದರೆ ಅರ್ಧ ಕ್ಲಾಸು ಇರುವೆಯ ಸ್ಪೆಲ್ಲಿಂಗ್ ಬರೆದಿತ್ತು. ಅವರಿಗೆ ಕೇಳಿಸಿದ್ದು ಅದೇ, ತಪ್ಪು ಹಾಕುವುದು ಹೇಗೆ?

ಯಾಕೆ ಹೀಗೆ ಅಂತ ಕೆದಕಿದೆ. ಬ್ಯಾಟರಿ ಉಳಿಸಲು ಇಂಥ ಸ್ಪೀಕರುಗಳು ಶಬ್ದ ನಿಂತ ಸ್ವಲ್ಪ ಹೊತ್ತಿಗೆ ಒಳಗಿನ ಆಂಪ್ಲಿಫೈಯರನ್ನು ಮಲಗಿಸಿಬಿಡುತ್ತವೆ. ಫೋನು ಕೂಡ ಕೆಲವು ಸೆಕೆಂಡು ಸುಮ್ಮನಿದ್ದರೆ ಸ್ಪೀಕರಿನತ್ತ ಶಬ್ದ ಕಳಿಸುವ ದಾರಿಯನ್ನು ಮುಚ್ಚುತ್ತದೆ. ಮತ್ತೆ ಪದ ಬಂದಾಗ ಎರಡೂ ಎದ್ದು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಮೊದಲ ಅಕ್ಷರ ಹೋಗಿರುತ್ತದೆ. ಇಂಗ್ಲಿಷಿನಲ್ಲಿ ಪದದ ಮೊದಲಿಗೆ ಬರುವ 'ಪ'ಕಾರ, 'ಬ'ಕಾರಗಳ ವ್ಯತ್ಯಾಸವೆಲ್ಲ ಇರುವುದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ. ಅರ್ಧ ಸೆಕೆಂಡು ನುಂಗುವ ಯಂತ್ರದ ಮುಂದೆ ಅದು ಉಳಿಯುವ ಮಾತೇ ಇಲ್ಲ.

ಪರಿಹಾರಗಳನ್ನೂ ಮಾಡಿ ನೋಡಿದೆ. ಫೈಲಿನ ಮುಂದೆ ಎರಡು ಸೆಕೆಂಡು ಮೌನ ಸೇರಿಸಿದೆ. ಪೂರ್ತಿ ಮೌನ ಬಂದರೆ ಸ್ಪೀಕರು ಅದನ್ನೂ ನಿದ್ದೆ ಅಂತಲೇ ಲೆಕ್ಕ ಹಾಕುತ್ತದೆ, ಏನೂ ಉಪಯೋಗವಾಗಲಿಲ್ಲ. ಆಮೇಲೆ ನಮ್ಮ ಮನೆಯ ಸೀಲಿಂಗ್ ಫ್ಯಾನಿನ ಸದ್ದನ್ನು ರೆಕಾರ್ಡ್ ಮಾಡಿ, ಸಣ್ಣ ದನಿಯಲ್ಲಿ ಇಡೀ ಫೈಲಿನ ಕೆಳಗೆ ಹಾಸಿದೆ. ಪದ ಪೂರ್ತಿ ಬಂತು. ಆದರೆ ಹೊಸ ಪಾಠಕ್ಕೆಲ್ಲ ರಾತ್ರಿ ಊಟವಾದ ಮೇಲೆ ಕೂತು ಫ್ಯಾನಿನ ಸದ್ದು ಅಂಟಿಸುತ್ತಾ ಕೂರಬೇಕು. ಪದಕ್ಕೆ ಮುಂಚೆ "ನಂಬರ್ ಒನ್, ನಂಬರ್ ಟೂ" ಅಂತ ಹೇಳಿ ರೆಕಾರ್ಡ್ ಮಾಡುವುದು ಇದಕ್ಕಿಂತ ಸುಲಭ. ಸ್ಪೀಕರು 'ನಂಬರ್' ಅನ್ನು ನುಂಗಿಕೊಂಡು ಪದವನ್ನು ಬಿಟ್ಟುಕೊಡುತ್ತದೆ. ಸ್ವಂತ ರೆಕಾರ್ಡಿಂಗಿಗೆ ಈ ಉಪಾಯ ಸರಿ. ಪಠ್ಯಪುಸ್ತಕದ ಕ್ಯೂಆರ್ ಕೋಡಿನಿಂದ ದೀಕ್ಷಾ ಆ್ಯಪಿನಲ್ಲಿ ತೆರೆದುಕೊಳ್ಳುವ ಪಾಠಕ್ಕೋ, ಬಿಬಿಸಿ ಲರ್ನಿಂಗ್ ಇಂಗ್ಲಿಷಿನಿಂದ ಇಳಿಸಿಕೊಂಡ ಸಂಭಾಷಣೆಗೋ ಯಾರು 'ನಂಬರ್ ಒನ್' ಸೇರಿಸುತ್ತಾರೆ? ಸಂಭಾಷಣೆಯ ಮಧ್ಯೆ ನಿಲ್ಲಿಸಿ ಪ್ರಶ್ನೆ ಕೇಳಿ ಮತ್ತೆ ಹಾಕಿದ ಕೂಡಲೇ ಮುಂದಿನ ವಾಕ್ಯದ ಕರ್ತೃಪದ ಮಾಯ. ತಂತಿ ಹಾಕಿದರೆ ಸಮಸ್ಯೆ ಬಹುಪಾಲು ಕಡಿಮೆಯಾಗುತ್ತದೆ, ನಿಜ. ನನ್ನ ಫೋನಿಗೆ ಇಯರ್‌ಫೋನ್ ತೂತೇ ಇಲ್ಲ. ಅದಕ್ಕೊಂದು ಕನ್ವರ್ಟರು ಬೇಕು, ಆ ಬೆರಳುದ್ದದ ಸಾಮಾನನ್ನು ಅರವತ್ತು ಮಕ್ಕಳ ನಡುವೆ ಕಳೆಯದೆ ಕಾಯಬೇಕು.

ಇನ್ನೊಂದು ತಾಪತ್ರಯ, ಶಬ್ದ ಫೋನಿನಿಂದ ಬರಬೇಕಾದ್ದು. ಇಲಾಖೆಯ ವಾಟ್ಸಾಪ್ ಗ್ರೂಪಿಗೆ ಮಾಹಿತಿ 'ಅತೀ ತುರ್ತು' ಬೇಕಾಗುವುದು ಸಾಮಾನ್ಯವಾಗಿ ನನ್ನ ಮೂರನೇ ಪೀರಿಯಡ್ಡಿಗೇ. ಕಥೆಯ ಮಧ್ಯೆ ಟಿಂಗ್ ಟಿಂಗ್. ಏರೋಪ್ಲೇನ್ ಮೋಡಿಗೆ ಹಾಕಿಟ್ಟರೆ ಎಚ್ಚೆಮ್ಮು ಕರೆ ಮಾಡಿದ್ದು ಗೊತ್ತಾಗುವುದಿಲ್ಲ. ಆನ್ ಮಾಡಿದಾಗಲೆಲ್ಲ ಸ್ಪೀಕರಿನೊಳಗಿನ ಹೆಂಗಸೊಬ್ಬಳು "ದ ಬ್ಲೂಟೂತ್ ಡಿವೈಸ್ ಈಸ್ ರೆಡಿ ಟು ಪೇರ್" ಅನ್ನುತ್ತಾಳೆ. ಇಡೀ ವರ್ಷ ನಾನು ತಿದ್ದಿದ ಯಾವ ವಾಕ್ಯವನ್ನೂ ನಮ್ಮ ಎಂಟನೇ ಕ್ಲಾಸು ಅಷ್ಟು ಚೊಕ್ಕವಾಗಿ, ಒಂದೇ ಉಸಿರಿನಲ್ಲಿ ಹೇಳಿದ್ದಿಲ್ಲ.

ಅದರಲ್ಲಿ ಬಾಸ್, ಅಂದರೆ ದಪ್ಪ ದನಿ, ಜಾಸ್ತಿ. ಕಾಂಕ್ರೀಟ್ ಕೋಣೆಯಲ್ಲಿ ಮಾತು ಕೊಡದೊಳಗಿಂದ ಬಂದ ಹಾಗೆ ಗುಂಯ್‌ಗುಡುತ್ತದೆ, ಕಡೆಯ ಬೆಂಚಿಗೆ ದನಿ ತಲುಪುತ್ತದೆ, ಪದ ತಲುಪುವುದಿಲ್ಲ. ಪಕ್ಕದ ಕೋಣೆಯ ಗಣಿತದ ಮೇಷ್ಟ್ರಿಗೂ ತಲುಪುತ್ತದೆ: "ಮೇಡಂ, ಸ್ವಲ್ಪ ಕಮ್ಮಿ ಮಾಡ್ತೀರಾ, ನಮ್ಮ ಹುಡುಗ್ರು ನಿಮ್ಮ ಡಿಕ್ಟೇಷನ್ ಬರೀತಾವ್ರೆ."

ಸ್ಮಾರ್ಟ್ ಟಿವಿಯ ವಿಷಯ ಬೇಗ ಮುಗಿಯುತ್ತದೆ. ಚಿತ್ರವಿದೆ, ಮಾತಿನ ಕೆಳಗೆ ಅಕ್ಷರ ಓಡುತ್ತದೆ, ಕೇಳುತ್ತಲೇ ಓದಲು ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆದರೆ ತೆಳ್ಳನೆಯ ಟಿವಿಯ ಸ್ಪೀಕರುಗಳು ಹಿಂದಕ್ಕೋ ಕೆಳಕ್ಕೋ ಮುಖ ಮಾಡಿರುತ್ತವೆ, ನಮ್ಮದು ಗೋಡೆಗೇ ಪಾಠ ಮಾಡುತ್ತದೆ. ಕೋಣೆ ಮಹಡಿಯ ಮೇಲೆ, ಬೀಗದ ಕೈ ಆಫೀಸಿನಲ್ಲಿ, ವಿಜ್ಞಾನದವರ ಸರದಿ ಮೊದಲು. ಮಕ್ಕಳನ್ನು ಸಾಲು ಮಾಡಿ ಹತ್ತಿಸಿ ಕೂರಿಸುವಷ್ಟರಲ್ಲಿ ಪೀರಿಯಡ್ಡಿನ ಕಾಲು ಭಾಗ ಹೋಯಿತು. ಕರೆಂಟು ಇದ್ದರೆ ಈ ಮಾತು. ಪ್ರಾರ್ಥನೆಗೆ ಇಡುವ ಚಕ್ರದ ದೊಡ್ಡ ಸ್ಪೀಕರನ್ನು ಕ್ಲಾಸಿಗೆ ಎಳೆದುಕೊಂಡು ಹೋಗುವ ಯೋಚನೆ ಇದ್ದವರು ಮೆಟ್ಟಿಲು ನೋಡಿಕೊಂಡು ಹೋಗಿ.

ಇನ್ನು ಸೊಂಟದ ಮೈಕು. ಇದರ ಸ್ಪೀಕರು ಅಂಗೈಯಷ್ಟಗಲ, ಬಾಸ್ ಅನ್ನುವುದೇ ಇಲ್ಲ, ಹಾಡು ಹಾಕಿದರೆ ಕೇಳಲಾಗುವುದಿಲ್ಲ. ಪಾಠಕ್ಕೆ ಅದೇ ವರ. 'ಸ', 'ಫ', 'ಥ' ಇಂಥವೆಲ್ಲ ತೀಕ್ಷ್ಣ ಶಬ್ದಗಳು, ಇದರಲ್ಲಿ ಚಿಟಿಕೆ ಹೊಡೆದಷ್ಟು ಬಿಡಿಬಿಡಿಯಾಗಿ ಕೇಳುತ್ತವೆ. ಬದಿಯಲ್ಲಿ ಪೆನ್‌ಡ್ರೈವ್ ಹಾಕುವ ಜಾಗವಿದೆ. ಫೋನಿನ ಹಂಗಿಲ್ಲ, ನಿದ್ದೆ ಹೋಗುವ ಚಾಳಿಯಿಲ್ಲ. ಪ್ಯಾನ್ ಅಂದರೆ ಪ್ಯಾನ್, ವ್ಯಾನ್ ಅಂದರೆ ವ್ಯಾನ್.

ಎಲ್ಲಕ್ಕಿಂತ ಹೆಚ್ಚಾಗಿ ಇದರಲ್ಲಿ ಮೈಕೂ ರೆಕಾರ್ಡಿಂಗೂ ಒಂದೇ ಡಬ್ಬಿಯಲ್ಲಿವೆ. ಪದ ಕೇಳಿಸುತ್ತೇನೆ, ನಿಲ್ಲಿಸುತ್ತೇನೆ, ನಾನು ಹೇಳುತ್ತೇನೆ, ಮೈಕು ಬಿಚ್ಚಿ ಮಗುವಿನ ಕೈಗೆ ಕೊಡುತ್ತೇನೆ. ಬೋರ್ಡಿನ ಹತ್ತಿರ ನಿಲ್ಲಬೇಕೆಂದಿಲ್ಲ, ಬೆಂಚುಗಳ ನಡುವೆ ಓಡಾಡಿಕೊಂಡೇ ಪಾಠ. ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ 30 ದಿನದ ತರಬೇತಿಗೆ ಹೋಗಿ ಬಂದವರಿಗೆ ಗೊತ್ತಿರುತ್ತದೆ, ಇಂಗ್ಲಿಷಿನ 44 ಧ್ವನಿಗಳನ್ನು ನಾವು ಕಲಿತು ಬಂದರೂ, ಮಗುವಿನ ಬಾಯಿಂದ ಅವು ಬರುತ್ತಿವೆಯೋ ಇಲ್ಲವೋ ಅಂತ ಪರೀಕ್ಷಿಸಲು ಅರವತ್ತು ಜನರ ಕ್ಲಾಸಿನಲ್ಲಿ ದಾರಿ ಇರುವುದಿಲ್ಲ. ಎಲ್ಲರೂ ಒಟ್ಟಿಗೆ ಕೂಗಿದರೆ ಎಲ್ಲವೂ ಸರಿಯಾಗಿಯೇ ಕೇಳುತ್ತದೆ. ಮೈಕು ಕೈಗೆ ಬಂದ ಮೇಲೆ ಒಬ್ಬೊಬ್ಬರ ದನಿ ಕೇಳತೊಡಗಿತು. ಬಸ್ಸು, ಪೆನ್ನು ಅಂತ ಕೊನೆಗೆ ಉಕಾರ ಎಳೆಯುವುದು, 'ಎಗ್' ಅನ್ನುವುದಕ್ಕೆ 'ಯೆಗ್' ಅನ್ನುವುದು ಅವರಿಗೇ ಕೇಳಿಸಿ ನಗುತ್ತಾರೆ, ಇನ್ನೊಂದು ಸಲ ಹೇಳುತ್ತಾರೆ. ಪಿಸುಮಾತಿನಲ್ಲಷ್ಟೇ ಉತ್ತರ ಹೇಳುತ್ತಿದ್ದ ಮಕ್ಕಳಿಗೆ ಈಗ ಮೈಕಿಗಾಗಿ ಜಗಳ. ಆಂತರಿಕ ಅಂಕಕ್ಕೆ ಮಾತಾಡಿಸುವ ಚಟುವಟಿಕೆಯೂ ಇದರಲ್ಲೇ ಮುಗಿಯುತ್ತದೆ.

ಗಂಟಲಿನ ಮಾತು ಬೇರೆ. ದಿನಕ್ಕೆ ಐದು ಪೀರಿಯಡ್ ಕಿರುಚಿ, ಸಂಜೆ ಮನೆಯವರ ಹತ್ತಿರ ಸನ್ನೆಯಲ್ಲಿ ಮಾತಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಇದಕ್ಕೂ ಖೋಡಿಗಳಿವೆ. ಮೈಕು ಸ್ಪೀಕರಿನ ಎದುರು ಬಂದರೆ ಕೀಂ ಅಂತ ಕಿರುಚುತ್ತದೆ. ಮಗುವಿಗೆ ಮೈಕು ಕೊಟ್ಟಾಗ ಡಬ್ಬಿಯನ್ನು ಬೆನ್ನ ಕಡೆ ತಿರುಗಿಸಿಕೊಳ್ಳಬೇಕು. ವಾಲ್ಯೂಮಿಗೂ ಮುಂದಿನ ಫೈಲಿಗೂ ಒಂದೇ ಗುಂಡಿ: ಒತ್ತಿ ಹಿಡಿದರೆ ದನಿ ಏರುತ್ತದೆ, ಒತ್ತಿ ಬಿಟ್ಟರೆ ಮುಂದಿನ ಪಾಠಕ್ಕೆ ಹಾರುತ್ತದೆ. ಸ್ಕ್ರೀನ್ ಇಲ್ಲದ್ದರಿಂದ ಎಲ್ಲಿಗೆ ಹಾರಿತು ಅಂತ ತಿಳಿಯದು. ನನ್ನದು ಪೆನ್‌ಡ್ರೈವಿನ ಫೈಲುಗಳನ್ನು ಹೆಸರಿನ ಪ್ರಕಾರ ಹಾಡುವುದಿಲ್ಲ, ಕಾಪಿ ಮಾಡಿದ ಪ್ರಕಾರ ಹಾಡುತ್ತದೆ. ಹಾಗಾಗಿ ಪೆನ್‌ಡ್ರೈವ್ ಖಾಲಿ ಮಾಡಿ, ಬೇಕಾದ ಕ್ರಮದಲ್ಲಿ ಒಂದೊಂದೇ ಫೈಲು ಹಾಕಿ, ಅದೇ ಪಟ್ಟಿಯನ್ನು ಟೀಚಿಂಗ್ ಡೈರಿಯ ರಟ್ಟಿನ ಒಳಗೆ ಅಂಟಿಸಿಕೊಂಡಿದ್ದೇನೆ. 64 ಜಿಬಿ ಪೆನ್‌ಡ್ರೈವನ್ನು ಅದು ಗುರುತೇ ಹಿಡಿಯಲಿಲ್ಲ, ಹಳೆಯ 8 ಜಿಬಿಯದು ಬೇಕಾದಷ್ಟಾಯಿತು.

ಸೀರೆಯವರಿಗೆ ಇನ್ನೊಂದು ಮಾತು. ಈ ಬೆಲ್ಟು ಪ್ಯಾಂಟಿನವರನ್ನು ನೋಡಿ ಮಾಡಿದ್ದು. ನೆರಿಗೆಯ ಮೇಲೆ ಕಟ್ಟಿದರೆ ಹತ್ತು ನಿಮಿಷಕ್ಕೆ ಜಾರುತ್ತದೆ, ಸೆರಗಿನ ಪಿನ್ನಿಗೆ ಮೈಕಿನ ತಂತಿ ಸಿಕ್ಕಿಕೊಳ್ಳುತ್ತದೆ. ನಾನು ಹಳೆಯ ವ್ಯಾನಿಟಿ ಬ್ಯಾಗಿನ ಪಟ್ಟಿ ಕಿತ್ತು ಹೆಗಲಿಗೆ ನೇತುಹಾಕಿಕೊಳ್ಳುತ್ತೇನೆ. ಮೈಕಿನ ತಂತಿ ಮಾತ್ರ ಡಬ್ಬಿಗೆ ಚುಚ್ಚುವ ಪಿನ್ನಿನ ಬುಡದಲ್ಲಿ ತುಂಡಾಗಿಯೇ ಆಗುತ್ತದೆ. ಬಿಡಿ ಮೈಕು ₹150ಕ್ಕೆ ಸಿಗುತ್ತದೆ, ಎರಡು ತರಿಸಿ ಬೀರುವಿನಲ್ಲಿಡಿ.

ಮಳೆಗಾಲದಲ್ಲಿ ಶೀಟಿನ ಕೋಣೆಯಲ್ಲಿ ಮೂರೂ ಒಂದೇ. ಆವತ್ತು ಓದಿಸಿ, ಬರೆಸಿ.

ಟ್ಯೂಷನ್ನಿಗೆ ಹತ್ತು ಹದಿನೈದು ಮಕ್ಕಳು ಬರುವವರಿಗೆ, ಫೋನಿಗೆ ತಂತಿಯ ತೂತು ಇನ್ನೂ ಉಳಿದಿರುವವರಿಗೆ ಬ್ಲೂಟೂತ್ ಸ್ಪೀಕರೂ ನಡೆಯುತ್ತದೆ. ಉದ್ದುದ್ದ ಕಥೆ ಮಾತ್ರ ಕೇಳಿಸುತ್ತೀರಿ, ನಡುವೆ ನಿಲ್ಲಿಸುವುದಿಲ್ಲ ಅನ್ನುವವರಿಗೂ ತೊಂದರೆಯಿಲ್ಲ. ನಾನು ಮಾತು ಮಾತಿಗೂ ನಿಲ್ಲಿಸುವವಳು, ನಿಂತಲ್ಲಿ ನಿಲ್ಲದವಳು, ಶಾಲಾ ಅನುದಾನದಲ್ಲಿ ಇಂಥದ್ದಕ್ಕೆ ಬಿಲ್ ಹಾಕಿಸಲು ಓಡಾಡುವ ತಾಳ್ಮೆ ಇಲ್ಲದವಳು. ಹಾಗಾಗಿ ₹1,400ರದ್ದೇ ನನಗೆ ಸರಿ. ಬ್ಲೂಟೂತ್ ಸ್ಪೀಕರನ್ನು ನಮ್ಮ ಪಿಟಿ ಮೇಷ್ಟ್ರು ಸ್ವಾತಂತ್ರ್ಯ ದಿನದ ಡ್ಯಾನ್ಸ್ ಪ್ರಾಕ್ಟೀಸಿಗೆ ಅಂತ ಕೇಳಿ ತಗೊಂಡು ಹೋದರು. ಬಾಸ್ ಚೆನ್ನಾಗಿದೆ ಮೇಡಂ ಅಂದರು, ಆಮೇಲೆ ವಾಪಸ್ಸು ಕೊಡುವ ಮಾತು ಎತ್ತಿಲ್ಲ, ನಾನೂ ಕೇಳಿಲ್ಲ.