ಅಕ್ಕಿ ಪಾಯಸ: ದಪ್ಪ ತಳದ ಪಾತ್ರೆಯೋ, ಕುಕ್ಕರೋ, ಕಂಡೆನ್ಸ್ಡ್ ಮಿಲ್ಕೋ?

ಹಾಲಿನ ಅಕ್ಕಿ ಪಾಯಸ ಮಂದವಾಗಲು ಎರಡು ಕಾರಣ. ಹಾಲು ಬತ್ತಬೇಕು, ಅಕ್ಕಿ ತನ್ನ ಗಂಜಿಯನ್ನು ಹಾಲಿಗೆ ಬಿಡಬೇಕು. ಪಾಯಸ ಮಾಡುವ ಮೂರೂ ಬಗೆಗಳ ರುಚಿ ಬೇರೆಯಾಗುವುದು ಇಲ್ಲಿಯೇ. ಮೂರಕ್ಕೂ 60 ಗ್ರಾಂ ಜೀರಿಗೆ ಸಣ್ಣ ಅಕ್ಕಿಯನ್ನು ತೊಳೆದು ಅರ್ಧ ಗಂಟೆ ನೆನೆಸಿ, 6% ಕೊಬ್ಬಿನ ಗಟ್ಟಿ ಹಾಲಿನಲ್ಲೇ ಬೇಯಿಸಿ ನೋಡಿದ್ದೇವೆ. ಜೀರಿಗೆ ಸಣ್ಣ ಸಿಗದಿದ್ದರೆ ಸೋನಾ ಮಸೂರಿ ಸಾಕು. ಬಾಸ್ಮತಿ ಬೇಡ: ಅಗುಳು ಬಿಡಿಬಿಡಿಯಾಗಿ ಉಳಿದು ಹಾಲು ತೆಳ್ಳಗೇ ಇರುತ್ತದೆ.

ತೆರೆದ ಪಾತ್ರೆಯದು ನಿಧಾನದ ಕೆಲಸ. ತಳ ದಪ್ಪಗಿರುವ ಅಗಲ ಪಾತ್ರೆಯನ್ನು ನೀರಿನಲ್ಲಿ ಒದ್ದೆ ಮಾಡಿ 1 ಲೀಟರ್ ಹಾಲು ಸುರಿಯಿರಿ. ಕುದಿ ಬಂದ ಮೇಲೆ ಅಕ್ಕಿ ಹಾಕಿ ಸಣ್ಣ ಉರಿಗೆ ಇಳಿಸಿ. ಮೊದಲ ಹತ್ತು ನಿಮಿಷ ಬಿಡದೆ ಕೈಯಾಡಿಸಬೇಕು, ಏಕೆಂದರೆ ಅಗುಳು ತಳಕ್ಕೆ ಕೂತು ಹಿಡಿಯುವುದು ಆಗಲೇ. ಬದಿಗೆ ಅಂಟಿದ ಕೆನೆಯನ್ನು ಆಗಾಗ ಕೆರೆದು ಹಾಲಿಗೆ ಸೇರಿಸಿ. 50–60 ನಿಮಿಷದಲ್ಲಿ ಹಾಲು ಮೂರರಲ್ಲಿ ಎರಡು ಪಾಲಿಗೆ ಬತ್ತುತ್ತದೆ. ಅಗುಳನ್ನು ಬೆರಳಲ್ಲಿ ಒತ್ತಿದರೆ ನುಣ್ಣಗೆ ಕರಗಬೇಕು. ಆಮೇಲೆಯೇ 90 ಗ್ರಾಂ ಸಕ್ಕರೆ. ಮೊದಲೇ ಹಾಕಿದರೆ ಸಕ್ಕರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಕ್ಕಿಯ ನಡು ಗಟ್ಟಿಯಾಗಿಯೇ ಉಳಿಯುತ್ತದೆ. ತಳ ಸೀದ ವಾಸನೆ ಬಂದರೆ ಕೆರೆಯಬೇಡಿ, ಮೇಲಿನದನ್ನು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ. ಬಾಯಿಗೆ ಸಿಗುವ ಕೆನೆಯ ಎಳೆಗಳು ಈ ಪಾಯಸದಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ.

ಕುಕ್ಕರಿನ ಪಾಯಸವನ್ನು ಅವಸರದ ಅಡ್ಡದಾರಿ ಎಂದುಕೊಳ್ಳುವವರಿದ್ದಾರೆ, ಅದು ತಪ್ಪು. ಇದರ ರುಚಿಯೇ ಬೇರೆ. 5 ಲೀಟರಿನ ಕುಕ್ಕರಿಗೆ 1 ಲೀಟರ್ ಹಾಲು, ಅಕ್ಕಿ, 90 ಗ್ರಾಂ ಸಕ್ಕರೆ ಒಟ್ಟಿಗೇ ಹಾಕಬಹುದು; ಒತ್ತಡದಲ್ಲಿ ಬಿಸಿ 120 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುವುದರಿಂದ ಸಕ್ಕರೆ ಇದ್ದರೂ ಅಕ್ಕಿ ಬೇಯುತ್ತದೆ. ಹಾಲು ಉಕ್ಕಿ ವೆಂಟ್ ಕಟ್ಟಿಕೊಳ್ಳದಂತೆ ಕುಕ್ಕರಿನ ಮೂರನೇ ಒಂದು ಪಾಲಿಗಿಂತ ಹೆಚ್ಚು ತುಂಬಬೇಡಿ. ಮಧ್ಯಮ ಉರಿಯಲ್ಲಿ ಒಂದು ವಿಷಲ್, ಆಮೇಲೆ ತೀರಾ ಸಣ್ಣ ಉರಿಯಲ್ಲಿ 30 ನಿಮಿಷ. ಒತ್ತಡ ತಾನಾಗಿ ಇಳಿಯುವವರೆಗೆ ಕಾಯಿರಿ. ವೆಯ್ಟ್ ಎತ್ತಿದರೆ ಹಾಲು ಚಿಮ್ಮುತ್ತದೆ. ಹಾಲಿನ ಪ್ರೋಟೀನೂ ಅದರಲ್ಲೇ ಇರುವ ಸಕ್ಕರೆಯೂ ಆ ಬಿಸಿಗೆ ಕೂಡಿಕೊಂಡು ತಿಳಿ ಗುಲಾಬಿ ಬಣ್ಣ, ಕಾಯಿಸಿದ ಹಾಲಿನ ಗಾಢ ಪರಿಮಳ ಬರುತ್ತದೆ. ಕೇರಳದ ಪಾಲ್ ಪಾಯಸದ ಬಣ್ಣ ಇಷ್ಟಪಡುವವರು ಮನೆಯಲ್ಲಿ ಅದರ ಹತ್ತಿರಕ್ಕೆ ಹೋಗುವುದು ಹೀಗೆ. ಕೊರತೆ ಒಂದೇ. ಮುಚ್ಚಿದ ಕುಕ್ಕರಿನಲ್ಲಿ ನೀರು ಬತ್ತುವುದಿಲ್ಲ, ಮಂದವೆಲ್ಲ ಗಂಜಿಯದು. ಮುಚ್ಚಳ ತೆಗೆದ ಮೇಲೆ ಹತ್ತು ನಿಮಿಷ ತೆರೆದು ಕುದಿಸಿದರೆ ಅದೂ ಸರಿಹೋಗುತ್ತದೆ.

ಕಂಡೆನ್ಸ್ಡ್ ಮಿಲ್ಕ್ ಅರ್ಧ ಗಂಟೆಯ ಪಾಯಸ. 600 ಎಂಎಲ್ ಹಾಲು, 200 ಎಂಎಲ್ ನೀರಿನಲ್ಲಿ ಅಕ್ಕಿ ಪೂರ್ತಿ ಬೆಂದ ಮೇಲೆ 200 ಗ್ರಾಂ ಸೇರಿಸಿ ಐದು ನಿಮಿಷ ಕುದಿಸಿದರೆ ಆಯಿತು. ಅಷ್ಟರಲ್ಲೇ 80–90 ಗ್ರಾಂ ಸಕ್ಕರೆ ಇರುವುದರಿಂದ ಬೇರೆ ಸಕ್ಕರೆ ಬೇಡ. ನುಣುಪು ಬರುತ್ತದೆ, ಆದರೆ ಸಿಹಿ ಮುಂದೆ ನಿಂತು ಹಾಲಿನ ಪರಿಮಳ ಹಿಂದೆ ಬೀಳುತ್ತದೆ.

ಹಬ್ಬದ ಊಟಕ್ಕೆ ನಮ್ಮ ಆಯ್ಕೆ ಕುಕ್ಕರ್, ಕೊನೆಯ ಹತ್ತು ನಿಮಿಷ ತೆರೆದು. ನಾಲ್ಕೈದು ಜನಕ್ಕೆ, ಪಕ್ಕದಲ್ಲಿ ನಿಲ್ಲಲು ಪುರುಸೊತ್ತಿದ್ದರೆ, ತೆರೆದ ಪಾತ್ರೆ. ಸಕ್ಕರೆ ಬದಲು ಬೆಲ್ಲ ಬೇಕಿದ್ದರೆ ಕುಕ್ಕರಿಗೆ ಮಾತ್ರ ಹಾಕಬೇಡಿ, ಹಾಲು ಒಡೆಯುತ್ತದೆ. ಬೆಲ್ಲ ಕರಗಿಸಿ ಸೋಸಿ ಆರಿಸಿ, ಒಲೆಯಿಂದ ಇಳಿಸಿದ ಪಾಯಸ ಉಗುರುಬೆಚ್ಚಗಾದ ಮೇಲೆ ಬೆರೆಸಿ.

ಯಾವ ಬಗೆಯಾದರೂ ಸೌಟಿನಿಂದ ಧಾರೆಯಾಗಿ ಬೀಳುವಷ್ಟು ತೆಳುವಿರುವಾಗಲೇ ಇಳಿಸಿ, ಏಲಕ್ಕಿ ಪುಡಿ ಆಮೇಲೆ ಹಾಕಿ. ಆರುತ್ತ ಗಂಜಿ ಬಿಗಿದುಕೊಳ್ಳುತ್ತದೆ. ಫ್ರಿಜ್ಜಿನಿಂದ ತೆಗೆದದ್ದು ಮುದ್ದೆಯಾಗಿದ್ದರೆ ತಣ್ಣನೆ ಹಾಲಲ್ಲ, ಅರ್ಧ ಲೋಟ ಬಿಸಿ ಹಾಲು ಸೇರಿಸಿ ಸಡಿಲಿಸಿ.