ಮೆದುಳಿನ ಎಂಆರ್‌ಐ: ಆಕಾರದ ಅಳತೆಯೋ, ಟೆಕ್ಸ್ಚರ್ ಅಳತೆಯೋ?

ಆರೋಗ್ಯವಂತರೊಬ್ಬರನ್ನು ಒಂದೇ ವಾರದಲ್ಲಿ ಎರಡು ಸಲ ಸ್ಕ್ಯಾನ್ ಮಾಡಿ ನೋಡಿ. ಮೆದುಳು ಅಷ್ಟರಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ, ಹಾಗಾಗಿ ಅಳತೆ ಬದಲಾದರೆ ತಪ್ಪು ಹೆಚ್ಚಾಗಿ ಸ್ಕ್ಯಾನಿನದ್ದೋ ಲೆಕ್ಕದ್ದೋ, ಅಲ್ವಾ?

ಇದರಲ್ಲಿ ಗಾತ್ರ, ಆಕಾರದ ಅಳತೆಗಳು ಸಾಮಾನ್ಯವಾಗಿ ಚೆನ್ನಾಗಿ ನಿಲ್ಲುತ್ತವೆ. ಅಮಿಗ್ಡಲಾದಂಥ ಪುಟ್ಟ ಭಾಗಗಳಲ್ಲಿ ಗಡಿ ಸ್ವಲ್ಪ ಜಾರುತ್ತದೆ, ಅಷ್ಟೇ. ಟೆಕ್ಸ್ಚರ್, ಅಂದರೆ ಚಿತ್ರದ ಚುಕ್ಕೆಗಳ ಹೊಳಪು ಅಕ್ಕಪಕ್ಕದಲ್ಲಿ ಹೇಗೆ ಏರಿಳಿಯುತ್ತದೆ ಎಂಬ ಅಳತೆ, ಅದರ ಕಥೆ ಬೇರೆ. ಸಿಟಿ ಸ್ಕ್ಯಾನಿನಲ್ಲಿ ನೀರಿಗೆ 0 ಅಂತ ನಿಗದಿಯಾಗಿದೆ, ಆದರೆ ಟಿ1 ಎಂಬ ಸಾಮಾನ್ಯ ಬಗೆಯ ಎಂಆರ್‌ಐ ಚಿತ್ರದ ಹೊಳಪಿನ ಅಂಕಿಗೆ ಅಂಥ ಮಾಪಕವೇ ಇಲ್ಲ. ಕಾಯಿಲ್ (ತಲೆಯ ಸುತ್ತ ಇಟ್ಟು ಸಂಕೇತ ಹಿಡಿಯುವ ಭಾಗ) ಬದಲಾದರೂ ಅಂಕಿ ಬದಲಾಗಬಹುದು, ಈ ಅಳತೆಗಳನ್ನು ಲೆಕ್ಕ ಹಾಕುವ ಪೈರೇಡಿಯೋಮಿಕ್ಸ್ ತಂತ್ರಾಂಶದಲ್ಲಿ ಬಿನ್ ಅಗಲವನ್ನು (ಹೊಳಪಿನ ಅಂಕಿಗಳನ್ನು ಗುಂಪು ಮಾಡುವ ಅಂತರ) ಸುಮ್ನೆ ಮೊದಲೇ ಇರುವ 25ಕ್ಕೇ ಬಿಟ್ಟರೂ ಫಲಿತಾಂಶ ಅಲುಗಾಡುತ್ತದೆ.

ಎರಡು ಮೂರು ಯಂತ್ರಗಳ ಡೇಟಾ ಇದ್ದರೆ ಆಕಾರದಿಂದಲೇ ಶುರು ಮಾಡಿ. ಟೆಕ್ಸ್ಚರ್ ಬೇಕೇ ಬೇಕೆಂದರೆ, ಮೊದಲು ಹೊಳಪನ್ನು ಸಮ ಮಾಡಿ, ಮರುಸ್ಕ್ಯಾನಿನಲ್ಲಿ ಐಸಿಸಿ (ಎರಡು ಸಲದ ಅಳತೆ ಎಷ್ಟು ಹೊಂದುತ್ತದೆ ಎಂಬ ಅಂಕಿ, 1 ಅಂದರೆ ಪೂರ್ತಿ ಹೊಂದಿಕೆ) 0.9 ದಾಟಿದವನ್ನಷ್ಟೇ ಇಟ್ಟುಕೊಳ್ಳಿ.