ಹಳೇ ಟ್ರ್ಯಾಕ್ಟರ್‌ಗೆ ಟಾಪ್ ಸಾಕಾ, ವೆಲ್ಡಿಂಗ್ ಫ್ರೇಮಾ, ರೋಲ್ ಬಾರಾ? ಹಾಕಿಸಿ, ಓಡಿಸಿ ನೋಡಿದ್ದು

ನಮ್ಮ ಮನೆಯಲ್ಲಿ ಎರಡು ಟ್ರ್ಯಾಕ್ಟರ್ ಇವೆ. ಅಪ್ಪ ತಂದ ಮ್ಯಾಸ್ಸಿ 1035 ಒಂದು, ನಾನು ಸೆಕೆಂಡ್ ಹ್ಯಾಂಡ್ ತಗೊಂಡ ಮಹೀಂದ್ರಾ 575 ಇನ್ನೊಂದು. ಎರಡೂ ಇಪ್ಪತ್ತು ವರ್ಷ ದಾಟಿದ ಗಾಡಿಗಳು. ಊರು ಪಾಂಡವಪುರದ ಹತ್ತಿರ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರಿನ ಗದ್ದೆ, ಕಬ್ಬು, ಸ್ವಲ್ಪ ತೆಂಗು. ಮನೆಗೆ ಬಂದಾಗ ಎರಡಕ್ಕೂ ಸೀಟಿನ ಹಿಂದೆ ರೋಲ್ ಬಾರ್, ಅಂದರೆ ಗಾಡಿ ಪಲ್ಟಿಯಾದರೆ ಕೂತವನನ್ನು ಕಾಪಾಡುವ ಕಂಬಿ, ಇರಲಿಲ್ಲ. ಬೆಲ್ಟ್ ಬಗ್ಗೆ ಅಂತೂ ನಮ್ಮಲ್ಲಿ ಯಾರೂ ಯೋಚನೆ ಮಾಡಿರಲಿಲ್ಲ.

ಆರು ವರ್ಷದಲ್ಲಿ ಮ್ಯಾಸ್ಸಿಗೆ ಟಾಪ್ (ಮೇಲಿನ ನೆರಳಿನ ಚಾವಣಿ) ಹಾಕಿಸಿದೆ, 575ಗೆ ವೆಲ್ಡಿಂಗ್ ಅಂಗಡಿಯಲ್ಲಿ ಫ್ರೇಮ್ ಮಾಡಿಸಿದೆ, ಅದು ಕೈಕೊಟ್ಟ ಮೇಲೆ ಟೆಸ್ಟ್ ಆದ ರೋಲ್ ಬಾರ್ ತಂದು ಕೂರಿಸಿದೆ. ತಿ. ನರಸೀಪುರದ ಕಡೆ ಭಾವಮೈದನ ತೆಂಗಿನ ತೋಟ ಇದೆ. ಅಲ್ಲಿ ಮಡಚುವ ರೋಲ್ ಬಾರ್ ಇರುವ ಗಾಡಿಯನ್ನು ಒಂದು ಬೇಸಿಗೆ ಪೂರ್ತಿ ಓಡಿಸಿದೆ. ಈಗ ಊರಲ್ಲಿ ಯಾರಾದರೂ ಹಳೇ ಗಾಡಿಗೆ ಏನು ಹಾಕಿಸಲಿ ಅಂತ ಕೇಳಿದರೆ ನನ್ನ ಉತ್ತರ ಒಂದೇ. ಟೆಸ್ಟ್ ಆದ ಬಾರ್ ಹಾಕಿಸಿ, ಜೊತೆಗೆ ಬೆಲ್ಟ್ ಹಾಕಿಸಿ, ಅದನ್ನು ಕಟ್ಟಿಕೊಳ್ಳಿ. ಟಾಪ್, ವೆಲ್ಡಿಂಗ್ ಫ್ರೇಮ್ ಎರಡೂ ಯಾಕೆ ಸಾಲದು ಅನ್ನುವುದಕ್ಕೆ ನನ್ನ ಹತ್ತಿರ ಕಾರಣ ಇವೆ.

ಮೊದಲು ಟಾಪ್. ಇದು ನೆರಳಿಗೆ ಒಳ್ಳೆಯದು, ಏಪ್ರಿಲ್ ಬಿಸಿಲಲ್ಲಿ ರೋಟವೇಟರ್ ಹೊಡೆಯುವವನಿಗೆ ಅದರ ಬೆಲೆ ಗೊತ್ತು. ಆದರೆ ನಮ್ಮ ಕಡೆ ಅರ್ಧ ಜನ ಅದನ್ನೇ ರಕ್ಷಣೆ ಅಂದುಕೊಂಡಿದ್ದಾರೆ. "ಮೇಲೆ ಟಾಪ್ ಐತಲ್ಲ, ಪಲ್ಟಿ ಆದ್ರೂ ತಡೀತದೆ ಬಿಡು" ಅಂತ ನನಗೆ ಎಷ್ಟೋ ಜನ ಹೇಳಿದ್ದಾರೆ. ನಮ್ಮ ಮ್ಯಾಸ್ಸಿಯ ಟಾಪ್‌ಗೆ ನಾಲ್ಕು ಸಣ್ಣ ಪೈಪ್, ಹಿಂದಿನ ಎರಡು ಪೈಪ್ ಕೂತಿರುವುದು ಮಡ್‌ಗಾರ್ಡ್ ತಗಡಿನ ಮೇಲೆ. ಇಬ್ಬರು ಹುಡುಗರು ಮಡ್‌ಗಾರ್ಡ್ ಮೇಲೆ ಕೂತರೆ ಆ ತಗಡೇ ಬಾಗುತ್ತದೆ. ಎರಡು ಟನ್ ಹತ್ತಿರ ತೂಕದ ಗಾಡಿ ಮಗುಚಿದಾಗ ಅದು ಏನು ತಡೆಯುತ್ತದೆ ಹೇಳಿ? ಒಂದು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಇಡೀ ಟಾಪ್ ಓಲಾಡುತ್ತದೆ. ಇನ್ನೂ ಕೆಟ್ಟದ್ದು ಏನೆಂದರೆ, ಕುಸಿದ ಟಾಪ್ ಒಳಗೆ ಇರುವವನನ್ನು ಸಿಕ್ಕಿಸಿ ಹಾಕಬಹುದು.

ವೆಲ್ಡಿಂಗ್ ಫ್ರೇಮ್ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು, ಯಾಕೆಂದರೆ ಮೋಸ ಹೋಗುವುದು ಇಲ್ಲೇ. ನೋಡೋಕೆ ಗಟ್ಟಿಯಾಗಿ ಕಾಣುತ್ತದೆ. ಎರಡು ಇಂಚಿನ ನೀರಿನ ಪೈಪ್, ಮೇಲೆ ಅಡ್ಡ ಒಂದು, ಮೂಲೆಯಲ್ಲಿ ಕತ್ತರಿಸಿ ಜೋಡಿಸಿದ ಬೆಂಡ್, ಕೆಳಗೆ ಪ್ಲೇಟ್. ಹನ್ನೊಂದು ಸಾವಿರ ಆಯಿತು. ಕೆಂಪು ಬಣ್ಣ ಹೊಡೆದು ಕೊಟ್ಟರು. ಪ್ಲೇಟನ್ನು ಆಕ್ಸಲ್ ಹೌಸಿಂಗ್‌ಗೇ (ಹಿಂದಿನ ಚಕ್ರದ ಅಚ್ಚಿನ ಹೊರಕವಚ) ವೆಲ್ಡ್ ಮಾಡಿಬಿಡೋಣ ಅಂದಿದ್ದರು, ನಮ್ಮ ಮೆಕ್ಯಾನಿಕ್ ಬೇಡ ಅಂದ. ಹೌಸಿಂಗ್ ಬೀಡು ಕಬ್ಬಿಣ, ಅದಕ್ಕೆ ಹಾಗೆ ಬಿಸಿ ಕೊಟ್ಟರೆ ಸೀಳು ಬಿಡುತ್ತದೆ. ಆ ಒಂದು ಮಾತು ಕೇಳಿದ್ದು ನನ್ನ ಪುಣ್ಯ.

ಎರಡು ವರ್ಷ ಏನೂ ಆಗಲಿಲ್ಲ. ಮೂರನೇ ವರ್ಷ ನಾಟಿ ಸಮಯ, ಕೇಜ್ ವೀಲ್ (ಕೆಸರುಗದ್ದೆಗೆ ಹಾಕುವ ಕಬ್ಬಿಣದ ಪಂಜರದ ಚಕ್ರ) ಹಾಕಿ ಕೆಸರು ಹೊಡೆಯುತ್ತಿದ್ದೆ. ಮೂಲೆಯಲ್ಲಿ ತಿರುಗಿಸಿ ಬದು ಹತ್ತಿಸಿ ಆಚೆ ಗದ್ದೆಗೆ ಇಳಿಸಬೇಕಿತ್ತು. ನೇರವಾಗಿ ಹತ್ತಿಸಬೇಕಾದ್ದನ್ನು ಓರೆಯಾಗಿ ಹತ್ತಿಸಿದೆ, ಅದು ನನ್ನ ತಪ್ಪು. ಬದುವಿನ ಮಣ್ಣು ನೆನೆದು ಬೆಣ್ಣೆಯಾಗಿತ್ತು. ಎಡಗಡೆ ಚಕ್ರದ ಕೆಳಗೆ ಜಾರಿತು. ಆಚೆ ಗದ್ದೆ ಮೂರಡಿ ತಗ್ಗು. ಗಾಡಿ ಮಗ್ಗುಲಿಗೆ ಬಿತ್ತು, ಸ್ಟೇರಿಂಗ್ ಪಕ್ಕೆಗೆ ಬಡಿದು ನಾನು ಮುಂದಕ್ಕೆ ಕೆಸರಿಗೆ ಎಸೆದು ಹೋದೆ. ಎದ್ದು ನೋಡಿದಾಗ ಫ್ರೇಮ್ ಸೀಟಿನ ಮೇಲೆ ಮಲಗಿತ್ತು. ನಾನು ಸೀಟಿನಲ್ಲೇ ಉಳಿದಿದ್ದರೆ ಅದು ನನ್ನ ಬೆನ್ನಿನ ಮೇಲೆ ಇರುತ್ತಿತ್ತು. ಈಗಲೂ ಆ ಬದುವಿನ ಹತ್ತಿರ ಹೋದರೆ ಪಕ್ಕೆ ಹಿಡಿದುಕೊಳ್ಳುತ್ತೇನೆ.

ಮಾರನೇ ದಿನ ಮುರಿದ ಜಾಗವನ್ನು ಕೂತು ನೋಡಿದೆ. ಪೈಪ್ ಬಾಗಿಯೇ ಇರಲಿಲ್ಲ. ಪ್ಲೇಟ್‌ಗೆ ಸೇರಿಸಿದ ವೆಲ್ಡಿಂಗ್ ಸಂಕ್ರಾಂತಿಯ ಸಕ್ಕರೆ ಅಚ್ಚು ಮುರಿದ ಹಾಗೆ ಸುತ್ತಲೂ ಬಿಟ್ಟುಕೊಂಡಿತ್ತು. ಹೊರಗಡೆ ದಪ್ಪ ಗೆರೆ, ಒಳಗೆ ಲೋಹ ಹಿಡಿದೇ ಇರಲಿಲ್ಲ. ಮೇಲಿನ ಒಂದು ತೂತಿನಿಂದ ಮಳೆ ನೀರು ಇಳಿದು ಪೈಪಿನ ಬುಡದಲ್ಲಿ ತುಕ್ಕು ಪುಡಿ ನಿಂತಿತ್ತು, ಬೆರಳಿಟ್ಟರೆ ಉದುರುತ್ತಿತ್ತು. ಮೇಲೆ ಕೆಂಪು ಬಣ್ಣ ಹಾಗೇ ಹೊಳೆಯುತ್ತಿತ್ತು.

ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ಪಲ್ಟಿ ತಡೆಯುವ ಕಂಬಿ ಬರೀ ಗಟ್ಟಿ ಇದ್ದರೆ ಸಾಲದು, ಅದು ಬಾಗಬೇಕು. ಬೀಳುವ ಗಾಡಿಯ ಹೊಡೆತವನ್ನು ಬಾಗುತ್ತಾ ನುಂಗಬೇಕು, ಆದರೆ ಮುರಿಯಬಾರದು, ಕೂತವನ ಜಾಗದೊಳಕ್ಕೆ ಬರಬಾರದು. ಇದನ್ನು ಅಂದಾಜಿನಲ್ಲಿ ಹೇಳೋಕಾಗಲ್ಲ, ಹಾಗಾಗಿ ಜ್ಯಾಕ್ ಇಟ್ಟು ತಳ್ಳಿ ಪರೀಕ್ಷೆ ಮಾಡುತ್ತಾರೆ. ಹಿಂದಿನಿಂದ, ಪಕ್ಕದಿಂದ, ಮೇಲಿನಿಂದ. ಅಂತಾರಾಷ್ಟ್ರೀಯ ಲೆಕ್ಕದಲ್ಲಿ ಪಕ್ಕದ ಹೊಡೆತಕ್ಕೆ ಗಾಡಿಯ ಪ್ರತಿ ಕೆಜಿ ತೂಕಕ್ಕೆ 1.75 ಜೂಲ್ (ಶಕ್ತಿಯ ಅಳತೆ) ನುಂಗಬೇಕು. ಮೇಲಿನಿಂದ ಪ್ರತಿ ಕೆಜಿಗೆ 20 ನ್ಯೂಟನ್ (ಬಲದ ಅಳತೆ) ಒತ್ತುತ್ತಾರೆ. ಅಂದರೆ ಎರಡು ಟನ್ ಗಾಡಿಯ ಕಂಬಿ ಮೇಲೆ ಹತ್ತಿರ ಹತ್ತಿರ ನಾಲ್ಕು ಟನ್ ಭಾರ ಹೇರಿದ ಹಾಗೆ. ಬೀದಿ ಅಂಗಡಿಯ ಫ್ರೇಮ್ ಮೇಲೆ ಯಾರೂ ನಾಲ್ಕು ಟನ್ ಹೇರಿ ನೋಡಿಲ್ಲ. ವೆಲ್ಡರ್ ಎಷ್ಟೇ ಒಳ್ಳೆಯವನಾಗಿರಲಿ, ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಗೊತ್ತಾಗುವುದು ಬಿದ್ದ ದಿನ.

ಅಪ್ಪ ಕೇಳಿದರು, ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು ಅಂತ. ಇತ್ತು, ನಮ್ಮಲ್ಲಿ ಇರಲಿಲ್ಲ ಅಷ್ಟೇ. ಸ್ವೀಡನ್ ದೇಶದಲ್ಲಿ ಹೊಸ ಟ್ರ್ಯಾಕ್ಟರ್‌ಗೆ ಕಂಬಿ ಕಡ್ಡಾಯ ಮಾಡಿದ್ದು 1959ರಲ್ಲಿ. 1957ರಲ್ಲಿ ಅಲ್ಲಿ ಲಕ್ಷ ಟ್ರ್ಯಾಕ್ಟರ್‌ಗೆ 17 ಜನ ಪಲ್ಟಿಯಲ್ಲಿ ಸಾಯುತ್ತಿದ್ದರು, 1990ಕ್ಕೆ ಅದು 0.3ಕ್ಕೆ ಇಳಿಯಿತು. ಅಪ್ಪ ಆಮೇಲೆ ಮಾತಾಡಲಿಲ್ಲ, ದುಡ್ಡಿಗೆ ಅರ್ಧ ಅವರೇ ಕೊಟ್ಟರು.

ಟೆಸ್ಟ್ ಆದ ಬಾರ್ ಸಿಗುವುದೇ ಕಷ್ಟ, ಇದನ್ನು ಮುಚ್ಚಿಡುವುದಿಲ್ಲ. ನನ್ನ ಅದೃಷ್ಟಕ್ಕೆ 575 ಅಮೆರಿಕಕ್ಕೂ ಹೋಗುತ್ತಿದ್ದ ಮಾಡೆಲ್. ಅಲ್ಲಿ 1985ರಿಂದ 20 ಎಚ್‌ಪಿ ಮೇಲಿನ ಹೊಸ ಗಾಡಿಗಳನ್ನು ತಯಾರಕರೇ ಕಂಬಿ ಹಾಕಿ ಕೊಡುವ ರೂಢಿ ಬಂದಿದೆ, ಹಾಗಾಗಿ ಈ ಗಾಡಿಗೆ ಹೊಂದುವ ಬಾರ್ ಅನ್ನುವುದು ಲೋಕದಲ್ಲಿ ಇದೆ. ಮೈಸೂರಿನ ಬಿಡಿಭಾಗದ ಕೌಂಟರ್‌ಗೆ ಮೂರು ತಿಂಗಳು ಅಲೆದು ತರಿಸಿದೆ. ಸೀಟು, ಬೆಲ್ಟ್, ಕೂಲಿ ಎಲ್ಲಾ ಸೇರಿ ಮೂವತ್ತೆಂಟು ಸಾವಿರ. ವೆಲ್ಡಿಂಗ್ ಫ್ರೇಮಿನ ಮೂರು ಪಟ್ಟಿಗಿಂತ ಜಾಸ್ತಿ. ಒಂದು ಜೊತೆ ಹಿಂದಿನ ಟೈರ್ ಜೊತೆ ಹೋಲಿಸಿ ನೋಡಿ, ದೊಡ್ಡದು ಅನ್ನಿಸುವುದಿಲ್ಲ.

ಕೂರಿಸಿದ ದಿನ ನೆನಪಿದೆ. ಮೂರು ಜನ ಹಿಡಿದು ಎತ್ತಿದೆವು. ಆಕ್ಸಲ್ ಹೌಸಿಂಗ್‌ನಲ್ಲಿ ಮೊದಲೇ ಇರುವ ತೂತುಗಳಿಗೇ ಬೋಲ್ಟ್ ಬರಬೇಕು, ಹೊಸ ತೂತು ಕೊರೆಯುವ ಹಾಗಿಲ್ಲ. ಹಳೇ ಬೋಲ್ಟ್‌ಗಳು ತುಕ್ಕು ಹಿಡಿದು ಅಲ್ಲಾಡಲಿಲ್ಲ, ರಾತ್ರಿಯೆಲ್ಲಾ ಸೀಮೆಎಣ್ಣೆ ಬಟ್ಟೆ ಸುತ್ತಿಟ್ಟು ಬೆಳಗ್ಗೆ ಬಿಚ್ಚಿದೆವು. ಹೊಸ ಬೋಲ್ಟಿನ ತಲೆ ಮೇಲೆ 10.9 ಅಂತ ಅಚ್ಚೊತ್ತಿತ್ತು, ಅದು ಬೋಲ್ಟ್ ಎಷ್ಟು ಗಟ್ಟಿ ಅನ್ನುವ ಗುರುತು. ಒಂದು ಸಾಲದೆ ಬಂದಾಗ ಹುಡುಗ ಡಬ್ಬಿಯಿಂದ ಅದೇ ಅಳತೆಯ ಬೇರೆ ಬೋಲ್ಟ್ ತೆಗೆದ, ಅದರ ತಲೆ ಮೇಲೆ ನಂಬರೇ ಇರಲಿಲ್ಲ. ವಾಪಸ್ ಇಡಿಸಿದೆ. ಸುಮ್ನೆ ಒಂದು ಬೋಲ್ಟ್‌ಗೋಸ್ಕರ ಮೂವತ್ತೆಂಟು ಸಾವಿರ ಹಾಳು ಮಾಡೋದಾ? ಎರಡು ದಿನ ಕಾದು ಸರಿಯಾದದ್ದು ತರಿಸಿ, ಟಾರ್ಕ್ ರೆಂಚಿನಲ್ಲಿ (ಬಿಗಿಯನ್ನು ಅಳೆದು ತೋರಿಸುವ ಪಾನಾ) ಬಿಗಿ ಮಾಡಿಸಿದೆ. ಹಳೇ ಸ್ಪ್ರಿಂಗ್ ಸೀಟಿಗೆ ಬೆಲ್ಟ್ ನಿಲ್ಲುವುದಿಲ್ಲ, ಸೀಟು ಮತ್ತು ಅದರ ಕೆಳಗಿನ ಸ್ಟ್ಯಾಂಡ್ ಎರಡೂ ಬದಲಾಯಿಸಬೇಕಾಯಿತು.

ಓಡಿಸುವಾಗ ಏನು ವ್ಯತ್ಯಾಸ? ಕಬ್ಬಿನ ಟ್ರೈಲರ್‌ಗೆ ತೊಂದರೆ ಇಲ್ಲ. ಆದರೆ ಆಲೆಮನೆ ಅಂಗಳದಲ್ಲಿ ರಿವರ್ಸ್ ಹೊಡೆದು ತಿರುಗಿಸುವಾಗ ಮುಂದಕ್ಕೆ ಚಾಚಿದ ಕಬ್ಬು ಬಾರ್‌ಗೆ ತಾಕುತ್ತದೆ, ಲೋಡ್ ಮಾಡುವಾಗಲೇ ಒಂದಡಿ ಹಿಂದೆ ಕಟ್ಟಿಸಬೇಕು. ಕೊಟ್ಟಿಗೆ ಬಾಗಿಲು ಸಾಲದೆ ಮೇಲಿನ ಶೀಟು ಎತ್ತರಿಸಿದೆ. ನೆರಳು ಇಲ್ಲ ಅನ್ನುವುದು ನಿಜವಾದ ಕೊರತೆ. ಬಾರ್‌ಗೆ ತೂತು ಕೊರೆಯದೆ ಕ್ಲ್ಯಾಂಪ್ ಹಾಕಿ ಮೇಲೊಂದು ಟಾರ್ಪಾಲಿನ್ ಬಿಗಿದಿದ್ದೇನೆ, ಗಾಳಿಗೆ ಪಟಪಟ ಅನ್ನುತ್ತದೆ, ಆದರೂ ನಡೆಯುತ್ತದೆ.

ಮಡಚುವ ಬಾರ್‌ಗೆ ಬರೋಣ. ತೋಟದವರಿಗೆ ಇದೇ ಸರಿ ಅಂತ ಎಲ್ಲರೂ ಹೇಳುತ್ತಾರೆ. ತಗ್ಗಿದ ಗರಿ, ಗೊನೆ ಇರುವ ಸಾಲಿನಲ್ಲಿ ನಿಂತ ಬಾರ್ ಹೋಗುವುದಿಲ್ಲ, ಪಿನ್ ಎಳೆದು ಮಡಚಿದರೆ ಸಲೀಸು. ತೊಂದರೆ ಗಾಡಿಯಲ್ಲಿ ಇಲ್ಲ, ನಮ್ಮ ಮರೆವಿನಲ್ಲಿ ಇದೆ. ತೋಟದಿಂದ ಹೊರಗೆ ಬಂದು ನಾಲೆ ಏರಿ ಮೇಲೆ ಹೋಗುವಾಗ ಬಾರ್ ಎತ್ತಬೇಕು ಅಲ್ವಾ, ಆ ಬೇಸಿಗೆಯಲ್ಲಿ ನಾನು ಎಷ್ಟೋ ಸಲ ಮರೆತೆ. ಭಾವಮೈದನ ಡ್ರೈವರ್ ಎತ್ತುವುದನ್ನೇ ಬಿಟ್ಟಿದ್ದ, ಪಿನ್ ತುಕ್ಕು ಹಿಡಿದು ಸುತ್ತಿಗೆಯಲ್ಲಿ ಹೊಡೆದು ತೆಗೆಯಬೇಕಾಯಿತು. ಮಡಚಿದ ಬಾರ್ ಕಾಪಾಡುವುದಿಲ್ಲ. ಅದು ಮಡಚಿರುವಾಗ ಬೆಲ್ಟ್ ಕೂಡ ಕಟ್ಟಬಾರದು, ಗಾಡಿ ಜೊತೆಗೇ ಕೆಳಗೆ ಸಿಕ್ಕಿಕೊಳ್ಳುತ್ತೀರಿ. ಹಾಗಾಗಿ ದಿನಾ ತೋಟದೊಳಗೇ ಕೆಲಸ ಇರುವವರಿಗೆ ಮಾತ್ರ ಮಡಚುವುದು. ಗದ್ದೆ, ಕಬ್ಬು, ರಸ್ತೆ ಇರುವವರಿಗೆ ನಿಂತ ಬಾರೇ ಒಳ್ಳೆಯದು.

ಬೆಲ್ಟ್ ವಿಚಾರದಲ್ಲಿ ಜಗಳ ಜಾಸ್ತಿ. ಬಾರ್ ಇದ್ದು ಬೆಲ್ಟ್ ಇಲ್ಲದಿದ್ದರೆ ಹೊರಗೆ ಎಸೆದು ಹೋಗುತ್ತೀರಿ, ಆ ಬಾರೇ ನಿಮ್ಮ ಮೇಲೆ ಬೀಳಬಹುದು. ಹಾರಿಕೊಳ್ತೀನಿ ಅನ್ನುವವರಿಗೆ ಒಂದು ಮಾತು. ಹಿಂದಕ್ಕೆ ಪಲ್ಟಿಯಾಗುವ ಗಾಡಿ ಮುಂದಿನ ಚಕ್ರ ಎದ್ದು ಮುಕ್ಕಾಲು ಸೆಕೆಂಡಿನಲ್ಲಿ ಮತ್ತೆ ಕೆಳಗಿಳಿಸಲಾಗದ ಹಂತ ದಾಟಿಬಿಡುತ್ತದೆ. ಕಾಲು ಕ್ಲಚ್ ಮೇಲೆ ಹೋಗುವಷ್ಟರಲ್ಲಿ ಮುಗಿಯಿತು. ಕೆಸರಲ್ಲಿ ಹೂತ ಚಕ್ರಕ್ಕೆ ಮರದ ದಿಮ್ಮಿ ಕಟ್ಟಿ ಎಬ್ಬಿಸುವುದು ನಮ್ಮ ಕಡೆ ಮಾಮೂಲಿ. ಚಕ್ರ ತಿರುಗದೆ ನಿಂತರೆ ಇಂಜಿನ್ನಿನ ಬಲ ಚಕ್ರದ ಬದಲು ಗಾಡಿಯ ಮೂತಿಯನ್ನೇ ಎತ್ತುತ್ತದೆ. ಭಾರವನ್ನು ಡ್ರಾಬಾರ್ (ಹಿಂದೆ ಕೆಳಗಿರುವ ಎಳೆಯುವ ಪಟ್ಟಿ) ಬಿಟ್ಟು, ಮೇಲೆ ಟಾಪ್ ಲಿಂಕ್ (ಉಪಕರಣ ಹಿಡಿಯುವ ಮೇಲಿನ ಸಲಾಕೆ) ಕೂರುವ ಜಾಗಕ್ಕೆ ಸರಪಳಿ ಹಾಕಿ ಎಳೆದರೂ ಅದೇ ಕಥೆ. ಬಾರ್ ಇದ್ದರೂ ಈ ಎರಡು ಕೆಲಸ ನಾನು ಮಾಡುವುದಿಲ್ಲ, ಇನ್ನೊಂದು ಗಾಡಿ ಕರೆಸುತ್ತೇನೆ.

ನಾಲೆಗೆ ಬಿದ್ದರೆ ಬೆಲ್ಟಿನಿಂದ ಮುಳುಗಿ ಸಾಯ್ತೀವಿ ಅಂತ ಹೆದರುವವರು ನಮ್ಮಲ್ಲಿ ಬಹಳ. ಆ ಭಯ ಸುಳ್ಳಲ್ಲ, ನಾಲೆ ಪಕ್ಕದಲ್ಲೇ ಬದುಕುವವರು ನಾವು. ಆದರೆ ನೀರಿಗೆ ಬೀಳುವ ಮೊದಲು ಗಾಡಿ ಏರಿಯಿಂದ ಉರುಳುತ್ತದೆ. ಆ ಉರುಳಿನಲ್ಲಿ ತಲೆ ಉಳಿದು ಎಚ್ಚರ ಇದ್ದರೆ ತಾನೇ ಬೆಲ್ಟಿನ ಬಟನ್ ಒತ್ತೋಕಾಗುವುದು? ನಾನು ಕಣ್ಣು ಮುಚ್ಚಿ ಒತ್ತಿ ಬಿಚ್ಚುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ, ಮಗನಿಗೂ ಮಾಡಿಸಿದ್ದೇನೆ. ಕೆಸರು ಮೆತ್ತಿದರೆ ಬಕಲ್ ಗಟ್ಟಿಯಾಗುತ್ತದೆ, ನಾಟಿ ಸಮಯದಲ್ಲಿ ದಿನಾ ಸಂಜೆ ನೀರು ಹಾಕಿ ತೊಳೆಯಬೇಕು.

ಮಡ್‌ಗಾರ್ಡ್ ಮೇಲೆ ಕೂರುವವರನ್ನು ಮಾತ್ರ ಯಾವ ಬಾರೂ ಕಾಪಾಡುವುದಿಲ್ಲ. ಆ ಜಾಗ ಪರೀಕ್ಷೆಯ ಲೆಕ್ಕದಲ್ಲೇ ಇಲ್ಲ. ಹಾಕಿಸಿದ ಮೇಲೆ ಮೊದಲು ಬದಲಾಯಿಸಿದ್ದು ಇದನ್ನೇ. ಶಾಲೆ ಬಿಟ್ಟ ಮಕ್ಕಳು ಕೈ ಅಡ್ಡ ಹಾಕುತ್ತಾರೆ, ಹತ್ತಿಸಿಕೊಳ್ಳದೆ ಬರುವಾಗ ಮನಸ್ಸಿಗೆ ಕಷ್ಟ ಆಗುತ್ತದೆ. ಆದರೂ ಹತ್ತಿಸಿಕೊಳ್ಳುವುದಿಲ್ಲ.

ಮ್ಯಾಸ್ಸಿಗೆ ಇನ್ನೂ ಹೊಂದುವ ಬಾರ್ ಸಿಕ್ಕಿಲ್ಲ. ಟಾಪ್ ಹಾಗೇ ಇದೆ, ನೆರಳಿಗೆ. ಅದಕ್ಕೆ ಕೇಜ್ ವೀಲ್ ಹಾಕುವುದನ್ನು ನಿಲ್ಲಿಸಿದ್ದೇನೆ, ನಾಲೆ ಏರಿ ಮೇಲೂ ತರುವುದಿಲ್ಲ. ಮನೆ ಹಿಂದಿನ ಮಟ್ಟಸ ಹೊಲದಲ್ಲಿ ರಾಗಿಗೆ ಉಳುಮೆ ಮಾಡುತ್ತದೆ, ಅಷ್ಟೇ ಅದರ ಕೆಲಸ ಈಗ.